ನೋವಲ್ಲಿರೋರಿಗೆ ಎಕ್ಸರ್‌ಸೈಜ್ ಮಾಡೋ ಮನಸ್ಸು ಬರ್ಸೋದು ಹೇಗೆ?

ಫಿಸಿಯೋಥೆರಪಿಗೆ ಎರಡು ದಿನ ಬಂದು ಮೂರನೇ ದಿನ ನಾಪತ್ತೆ ಆದ್ರೆ ಸೋಮಾರಿ ಅಂದ್ಕೋಬೇಡಿ, ಹೆಚ್ಚಾಗಿ ಅದು ಭಯ. ನೋವಾಗ್ತಿದೆ ಅಂದ್ರೆ ಒಳಗೆ ಏನೋ ಹರೀತಿದೆ, ಸವೀತಿದೆ ಅನ್ನೋ ಭಯ.

ಮೊದ್ಲು ಅದನ್ನೇ ಮಾತಾಡಿ. "ಅಷ್ಟೇನೂ ನೋವಿರಲ್ಲ ಬಿಡಿ" ಅಂತ ಮಾತ್ರ ಹೇಳ್ಬೇಡಿ, ನೋವು ನಿಜಾನೇ. ಆದ್ರೆ 3 ತಿಂಗಳು ದಾಟಿದ ನೋವಲ್ಲಿ ನರಗಳು ಸೂಕ್ಷ್ಮ ಆಗಿಬಿಟ್ಟಿರಬಹುದು, ಗಾಯ ಮಾಗಿದ್ಮೇಲೂ ನೋಯ್ತಾನೇ ಇರಬಹುದು, ಅದನ್ನ ನಿಧಾನಕ್ಕೆ ಕೂತು ವಿವರಿಸಿ.

ಆಮೇಲೆ ಕೇಳಿ, ಹುಷಾರಾದ್ರೆ ಮೊದ್ಲು ಏನ್ ಮಾಡ್ಬೇಕು ಅಂತಿದೀರಿ? ಮಂಡಿ ಇಷ್ಟು ಡಿಗ್ರಿ ಬಗ್ಗಬೇಕು ಅನ್ನೋದು ಫಿಸಿಯೋಥೆರಪಿ ಮಾಡ್ಸೋ ನಮ್ಮ ಗುರಿ, ಅವರದ್ದು ಮೊಮ್ಮಗೂನ ಎತ್ಕೊಳೋದು. ಅವ್ರ ಮಾತಲ್ಲೇ ಬರ್ಕೊಳಿ.

ಇನ್ನು ಎಷ್ಟು ಮಾಡಿಸ್ಬೇಕು ಅನ್ನೋದು, ಎಲ್ರೂ ಎಡವೋದು ಇಲ್ಲೇ. ಚೆನ್ನಾಗಿರೋ ದಿನ 30 ಸಲ ಮಾಡಿ ಮಾರನೇ ದಿನ ಹಾಸಿಗೆ ಹಿಡಿಯೋದು, ಎದ್ಮೇಲೆ ಮತ್ತೆ 30, ಹೀಗಾದ್ರೆ ಯಾರಿಗಾದ್ರೂ ಸಾಕಾಗುತ್ತೆ. 10 ಸಲ ಆರಾಮಾಗಿ ಆಗುತ್ತೆ ಅಂದ್ರೆ 7ರಿಂದ ಶುರು ಮಾಡ್ಸಿ, ಹುರುಪು ಬಂದ್ರೂ ಅಲ್ಲೇ ನಿಲ್ಸಿ, ಕೆಲವು ದಿನಕ್ಕೊಮ್ಮೆ ಒಂದೆರಡು ಏರಿಸ್ತಾ ಹೋಗಿ. ನೋವು ಸ್ವಲ್ಪ ಏರಿ 24 ಗಂಟೆಯೊಳಗೆ ಮೊದಲಿನಷ್ಟಕ್ಕೆ ಇಳಿದ್ರೆ ಸಾಮಾನ್ಯವಾಗಿ ಪರ್ವಾಗಿಲ್ಲ, ಇಳೀಲಿಲ್ಲ ಅಂದ್ರೆ ಪೂರ್ತಿ ಬಿಡಿಸ್ಬೇಡಿ, ಕಮ್ಮಿ ಮಾಡಿ. ಆದ್ರೆ ಕಾಲು ದಿಢೀರ್ ಸೋತ್ರೆ, ತೊಡೆಸಂದು ಜೋಮು ಹಿಡಿದ್ರೆ, ಮೂತ್ರದ ಹಿಡಿತ ತಪ್ಪಿದ್ರೆ ಎಲ್ಲ ಬಿಟ್ಟು ತಕ್ಷಣ ಡಾಕ್ಟರ್ ಹತ್ರ ಕಳ್ಸಿ.

ಮುಂದಿಂದು, ಆಗಿರೋ ಬದಲಾವಣೆ ಕಣ್ಣಿಗೆ ಕಾಣೋ ಹಾಗೆ ಮಾಡೋದು. ಫ್ರೋಜನ್ ಶೋಲ್ಡರ್, ಅಂದ್ರೆ ಭುಜ ಬಿಗಿದು ಕೈ ಎತ್ತೋಕೆ ಕಷ್ಟ ಆಗೋ ತೊಂದರೆ ಇರೋರು ಗೋಡೆ ಮೇಲೆ ಬೆರಳು ಹತ್ತಿಸ್ತಾರಲ್ಲ, ಬೆರಳು ಮುಟ್ಟಿದ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಸಿ. ಈ ಭುಜ ಸರಿಹೋಗೋಕೆ ವರ್ಷಗಟ್ಲೆ ಹಿಡಿಯೋದೂ ಉಂಟು, ಮೊದಲ ದಿನವೇ ಹೇಳ್ಬಿಡಿ. ಏನೂ ಆಗಿಲ್ಲ ಅಂತ ಬೇಜಾರಲ್ಲಿ ಕೂತೋರು ಹಳೇ ಗೆರೆ ನಾಲ್ಕು ಬೆರಳು ಕೆಳಗಿರೋದು ನೋಡಿ, ಯಾರೂ ಹೇಳದೇನೇ ಇನ್ನೊಂದ್ಸಲ ಕೈ ಎತ್ತುತಾರೆ, ನನಗಂತೂ ಎಷ್ಟು ಹೊಗಳಿದ್ರೂ ಈ ಗೆರೆಯಷ್ಟು ಕೆಲ್ಸ ಮಾಡಲ್ಲ ಅನ್ಸುತ್ತೆ. ಹೊಗಳೋದಾದ್ರೂ "ಸೂಪರ್" ಅಂದು ಬಿಡ್ಬೇಡಿ, "ಹೋದ ವಾರ ಕುರ್ಚಿಯಿಂದ ಏಳೋಕೆ ಕೈ ಊರ್ತಿದ್ರಿ, ಇವತ್ತು ಊರ್ಲಿಲ್ಲ" ಅನ್ನಿ.

ಮನೆಯವ್ರು "ಮಾಡಿದ್ರಾ, ಮಾಡಿದ್ರಾ" ಅಂತ ಬೆನ್ನು ಬೀಳೋ ಬದ್ಲು ಪಕ್ಕದಲ್ಲಿ ನಿಂತು ತಾವೂ ಮಾಡ್ಲಿ.

ನೋವು ಜಾಸ್ತಿ ಇರೋ ದಿನಕ್ಕೆ ಏನು ಅಂತ ಮೊದ್ಲೇ ಮಾತಾಡ್ಕೊಂಡಿರಿ: ಅರ್ಧ ಮಾಡಿದ್ರೆ ಸಾಕು, ಅದೂ ಆಗಲ್ವಾ, ಒಂದೇ ಒಂದು. ಅದೂ ತಪ್ಪಿದ್ರೆ ಬೈಬೇಡಿ, ಬೈಸ್ಕೊಂಡೋರು ಮುಂದಿನ ಸಲ ತಪ್ಪಿದ್ದನ್ನ ಹೇಳೋದೇ ಇಲ್ಲ.