ಫಿಡೋನೆಟ್ ನೋಡ್‌ನಲ್ಲಿ ಹೊರಹೋಗುವ ಮೇಲ್: ಬಂಡಲ್ ಕಟ್ಟುವುದು, ಬೀಗ ಹಾಕುವುದು ಹೇಗೆ?

1984ರಲ್ಲಿ ಟಾಮ್ ಜೆನ್ನಿಂಗ್ಸ್ ಆರಂಭಿಸಿದ ಫಿಡೋನೆಟ್, ಅಂದರೆ ಬುಲೆಟಿನ್ ಬೋರ್ಡ್ ಕಂಪ್ಯೂಟರ್‌ಗಳು ಪರಸ್ಪರ ಸಂದೇಶ ಕಳುಹಿಸಿಕೊಳ್ಳುವ ಜಾಲ, ಇಂದಿಗೂ ನಡೆಯುತ್ತಿದೆ. ಅದರ ವಿಧಾನವನ್ನೇ ಅನುಸರಿಸುವ ಬೇರೆ ಜಾಲಗಳೂ ಇವೆ. ಇಂತಹ ಜಾಲದ ನೋಡ್‌ನಲ್ಲಿ (ಸದಸ್ಯ ಕಂಪ್ಯೂಟರ್‌ನಲ್ಲಿ) ಸಾಮಾನ್ಯವಾಗಿ ಎರಡು ಪ್ರೋಗ್ರಾಂಗಳು ಕೆಲಸ ಮಾಡುತ್ತವೆ. ಸಂದೇಶಗಳನ್ನು ವಿಂಗಡಿಸಿ ಪ್ರತಿಯೊಂದು ಲಿಂಕ್‌ಗೂ (ನಮ್ಮೊಂದಿಗೆ ನೇರವಾಗಿ ಮೇಲ್ ವಿನಿಮಯ ಮಾಡುವ ವ್ಯವಸ್ಥೆಗೂ) ಸಿದ್ಧಪಡಿಸುವುದು ಟಾಸರ್. ಸಂಪರ್ಕ ಸಾಧಿಸಿ ಅವುಗಳನ್ನು ತಲುಪಿಸುವುದು ಮೇಲರ್. ಇವೆರಡೂ ಪರಸ್ಪರ ನೇರವಾಗಿ ಮಾತನಾಡುವುದಿಲ್ಲ. ಹೊರಹೋಗುವ ಮೇಲ್ ಇಡುವ ಔಟ್‌ಬೌಂಡ್ ಡೈರೆಕ್ಟರಿಯಲ್ಲಿರುವ ಕಡತಗಳ ಹೆಸರುಗಳೇ ಅವುಗಳ ನಡುವಿನ ಏಕೈಕ ಒಪ್ಪಂದ. ಆದ್ದರಿಂದ ಮೇಲ್ ಕಳೆದುಹೋದಾಗ ಅಥವಾ ಎರಡೆರಡು ಬಾರಿ ಹೋದಾಗ ಮೊದಲು ಪರಿಶೀಲಿಸಬೇಕಾದದ್ದು ಈ ಡೈರೆಕ್ಟರಿಯನ್ನೇ. ಬಿಂಕ್ಲಿಟರ್ಮ್ ಮೇಲರ್‌ನಿಂದ ಬಂದು, ಎಫ್‌ಟಿಎಸ್-5005 ದಾಖಲೆಯಲ್ಲಿ ವಿವರಿಸಲಾಗಿರುವ ವ್ಯವಸ್ಥೆಯನ್ನು ಹೊಂದಿಸುವ ಕ್ರಮ ಇಲ್ಲಿದೆ.

ಮೊದಲ ಹೆಜ್ಜೆ ಡೈರೆಕ್ಟರಿಯದು. ಟಾಸರ್ ಮತ್ತು ಮೇಲರ್ ಎರಡರ ಸಂರಚನೆಯಲ್ಲೂ ಔಟ್‌ಬೌಂಡ್‌ನ ಪೂರ್ಣ ಪಥ ಒಂದೇ ಆಗಿರಬೇಕು, ಮೂಲ ಜೋನ್‌ನ (ವಿಳಾಸದ ಅತಿ ದೊಡ್ಡ ವಿಭಾಗವಾದ ಜೋನ್‌ಗಳಲ್ಲಿ ನಮ್ಮ ಮುಖ್ಯ ವಿಳಾಸವಿರುವುದರ) ಸಂಖ್ಯೆಯೂ ಒಂದೇ ಆಗಿರಬೇಕು. ಮೂಲ ಜೋನ್‌ನ ಡೈರೆಕ್ಟರಿಗೆ ಬಾಲ (ಹೆಸರಿನಲ್ಲಿ ಚುಕ್ಕಿಯ ನಂತರದ ಭಾಗ) ಇರುವುದಿಲ್ಲ; ಉಳಿದ ಜೋನ್‌ಗಳ ಡೈರೆಕ್ಟರಿಗಳಿಗೆ ಆಯಾ ಜೋನ್ ಸಂಖ್ಯೆಯನ್ನು ಹೆಕ್ಸಾಡೆಸಿಮಲ್‌ನಲ್ಲಿ (16ರ ಆಧಾರದ ಸಂಖ್ಯಾಪದ್ಧತಿಯಲ್ಲಿ) ಮೂರು ಅಂಕಿಗಳಾಗಿ ಬರೆದ ಬಾಲವಿರುತ್ತದೆ. ಹೀಗಾಗಿ 21ನೇ ಜೋನ್‌ನ ಬಾಲ 021 ಅಲ್ಲ, 015. ಕೈಯಿಂದ ಡೈರೆಕ್ಟರಿ ಸೃಷ್ಟಿಸುವವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು, ಏಕೆಂದರೆ ತಪ್ಪಾದ ಡೈರೆಕ್ಟರಿಯಲ್ಲಿ ಬಿದ್ದ ಮೇಲ್ ಯಾವ ದೋಷ ಸಂದೇಶವನ್ನೂ ನೀಡದೆ ಅಲ್ಲಿಯೇ ಉಳಿದುಬಿಡುತ್ತದೆ.

ಡೈರೆಕ್ಟರಿಯ ಒಳಗೆ ಪ್ರತಿ ಲಿಂಕ್‌ಗೂ ಎಂಟು ಅಂಕಿಗಳ ಹೆಸರಿರುತ್ತದೆ. ಮೊದಲ ನಾಲ್ಕು ಅಂಕಿಗಳು ಜೋನ್‌ನ ಉಪವಿಭಾಗವಾದ ನೆಟ್‌ನ ಸಂಖ್ಯೆ, ನಂತರದ ನಾಲ್ಕು ನೋಡ್ ಸಂಖ್ಯೆ, ಎರಡೂ ಹೆಕ್ಸಾಡೆಸಿಮಲ್‌ನಲ್ಲಿ. ಉದಾಹರಣೆಗೆ 21:20/150 (ಜೋನ್:ನೆಟ್/ನೋಡ್) ಎಂಬ ವಿಳಾಸದ ಕಡತಗಳು 00140096 ಎಂದು ಆರಂಭವಾಗುತ್ತವೆ. ಲಿಂಕ್ ಪಾಯಿಂಟ್ (ಒಂದು ನೋಡ್‌ನ ಅಧೀನದಲ್ಲಿರುವ ವ್ಯವಸ್ಥೆ) ಆಗಿದ್ದರೆ, ಅದೇ ಹೆಸರಿಗೆ ಪಿಎನ್‌ಟಿ ಎಂಬ ಬಾಲ ಸೇರಿದ ಉಪಡೈರೆಕ್ಟರಿಯೊಳಗೆ ಪಾಯಿಂಟ್ ಸಂಖ್ಯೆಯ ಹೆಸರಿನಲ್ಲಿ ಅದರ ಕಡತಗಳಿರುತ್ತವೆ. ಲಿನಕ್ಸ್‌ನಂತಹ ವ್ಯವಸ್ಥೆಗಳಲ್ಲಿ ಸಣ್ಣ ಅಕ್ಷರ ಮತ್ತು ದೊಡ್ಡ ಅಕ್ಷರ ಬೇರೆ ಬೇರೆಯಾದುದರಿಂದ ಎಲ್ಲ ಹೆಸರುಗಳನ್ನೂ ಸಣ್ಣ ಅಕ್ಷರದಲ್ಲೇ ಇಡುವುದು ಕ್ಷೇಮ.

ಎರಡನೆಯದು ಬಂಡಲ್. ಟಾಸರ್ ಮೊದಲು ಸಂದೇಶಗಳನ್ನು ಪಿಕೆಟಿ ಬಾಲದ ಪ್ಯಾಕೆಟ್‌ಗಳಾಗಿಸಿ ತಾತ್ಕಾಲಿಕ ಡೈರೆಕ್ಟರಿಯಲ್ಲಿ ಇಡುತ್ತದೆ, ನಂತರ ಅವುಗಳನ್ನು ಜಿಪ್‌ನಂತಹ ಆರ್ಕೈವರ್‌ನಿಂದ ಕುಗ್ಗಿಸಿ ಬಂಡಲ್ ಮಾಡುತ್ತದೆ. ಯಾವ ಆರ್ಕೈವರ್ ಎಂಬುದನ್ನು ಪ್ರತಿ ಲಿಂಕ್‌ನ ಸಿಸಾಪ್ (ಅದನ್ನು ನಡೆಸುವವರು) ಜೊತೆ ಮೊದಲೇ ಮಾತನಾಡಿ ನಿರ್ಧರಿಸಬೇಕು. ಆ ಕಡೆಯವರಿಗೆ ಬಿಚ್ಚಲಾಗದ ಬಂಡಲ್ ಕಳುಹಿಸಿ ಪ್ರಯೋಜನವಿಲ್ಲ. ಬಂಡಲ್‌ನ ಹೆಸರಿನ ಬಾಲದಲ್ಲಿ ವಾರದ ದಿನವನ್ನು ಸೂಚಿಸುವ ಎರಡು ಇಂಗ್ಲಿಷ್ ಅಕ್ಷರಗಳೂ ಅವುಗಳ ನಂತರ ಒಂದು ಅಂಕಿಯೂ ಇರುತ್ತವೆ. ಸೋಮವಾರದ ಮೊದಲ ಬಂಡಲ್ ಎಂಓ0, ಎರಡನೆಯದು ಎಂಓ1, ಹೀಗೆ. ಹೆಸರಿನ ಮುಂಭಾಗವನ್ನು ಹಳೆಯ ಪದ್ಧತಿಯಂತೆ ನಮ್ಮ ಮತ್ತು ಲಿಂಕ್‌ನ ವಿಳಾಸಗಳ ವ್ಯತ್ಯಾಸದಿಂದ ರಚಿಸಲಾಗುತ್ತದೆ. ಇದರಲ್ಲಿ ಜೋನ್ ಸಂಖ್ಯೆ ಸೇರದ ಕಾರಣ, ಎರಡು ಜಾಲಗಳಲ್ಲಿ ಸದಸ್ಯತ್ವವಿರುವವರಿಗೆ ಬೇರೆ ಬೇರೆ ಲಿಂಕ್‌ಗಳ ಬಂಡಲ್‌ಗಳು ಒಂದೇ ಹೆಸರು ಪಡೆಯುವ ಸಾಧ್ಯತೆ ಇದೆ. ಹಸ್ಕಿ ಎಂಬ ಪ್ರೋಗ್ರಾಂ ಬಳಗದ ಎಚ್‌ಪಿಟಿಯಂತಹ ಟಾಸರ್‌ಗಳು ಸಮಯವನ್ನು ಆಧರಿಸಿ ಹೆಸರಿಡುವ ಆಯ್ಕೆಯನ್ನೂ ಕೊಡುತ್ತವೆ. ಒಂದಕ್ಕಿಂತ ಹೆಚ್ಚು ಜಾಲಗಳಿದ್ದಲ್ಲಿ ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಬಂಡಲ್‌ನ ಗಾತ್ರಕ್ಕೆ ಮಿತಿಯನ್ನೂ ನಿಗದಿಪಡಿಸಬಹುದು, ಆದರೆ ಇಂದಿನ ಸಂಪರ್ಕಗಳ ವೇಗದಲ್ಲಿ ಅದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಬಂಡಲ್ ಸಿದ್ಧವಾದ ನಂತರ ಅದರ ಪೂರ್ಣ ಪಥವನ್ನು ಲಿಂಕ್‌ನ ಎಫ್‌ಎಲ್‌ಓ ಬಾಲದ ಕಡತದಲ್ಲಿ (ಕಳುಹಿಸಬೇಕಾದ ಕಡತಗಳ ಪಟ್ಟಿಯಲ್ಲಿ) ಒಂದು ಸಾಲಾಗಿ ಸೇರಿಸಲಾಗುತ್ತದೆ. ತಕ್ಷಣ ಕರೆ ಮಾಡಿ ಕಳುಹಿಸಬೇಕಾದ ಮೇಲ್‌ಗೆ ಸಿಎಲ್‌ಓ, ಆ ಕಡೆಯವರೇ ಬಂದು ಕೊಂಡೊಯ್ಯುವವರೆಗೆ ಕಾಯಬೇಕಾದುದಕ್ಕೆ ಎಚ್‌ಎಲ್‌ಓ ಎಂಬ ಬಾಲಗಳಿವೆ. ಸಾಲಿನ ಮೊದಲಲ್ಲಿ ^ ಚಿಹ್ನೆ ಇದ್ದರೆ ಕಳುಹಿಸಿದ ಮೇಲೆ ಮೇಲರ್ ಆ ಕಡತವನ್ನು ಅಳಿಸುತ್ತದೆ; # ಇದ್ದರೆ ಕಡತವನ್ನು ಉಳಿಸಿಕೊಂಡು ಅದರ ಗಾತ್ರವನ್ನು ಸೊನ್ನೆಗೆ ಇಳಿಸುತ್ತದೆ. ದಿನದ ಹೆಸರಿನ ಬಂಡಲ್‌ಗಳಿಗೆ ಎರಡನೆಯದು ಸೂಕ್ತ. ಕಳುಹಿಸಿದ ಬಂಡಲ್ ಪೂರ್ತಿ ಅಳಿಸಿಹೋದರೆ ಟಾಸರ್ ಅದೇ ದಿನ ಮತ್ತೆ ಅದೇ ಹೆಸರನ್ನು ಬಳಸುತ್ತದೆ, ಆಗ ಆ ಕಡೆ ಇನ್ನೂ ಬಿಚ್ಚದೆ ಇಟ್ಟಿರುವ ಹಿಂದಿನ ಬಂಡಲ್‌ನ ಹೆಸರಿಗೆ ಇದು ಡಿಕ್ಕಿ ಹೊಡೆಯುತ್ತದೆ. ಸೊನ್ನೆ ಗಾತ್ರದ ಕಡತ ಉಳಿದಿದ್ದರೆ ಟಾಸರ್ ಮುಂದಿನ ಅಂಕಿಗೆ ಹೋಗುತ್ತದೆ.

ಮೂರನೆಯದು ಬೀಗ, ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಗಮನ ಬೇಡುವ ಭಾಗ ಇದೇ. ಒಂದು ಲಿಂಕ್‌ನ ಕಡತಗಳನ್ನು ಮುಟ್ಟುವ ಮೊದಲು ಯಾವುದೇ ಪ್ರೋಗ್ರಾಂ ಅದೇ ಎಂಟು ಅಂಕಿಗಳ ಹೆಸರಿಗೆ ಬಿಎಸ್‌ವೈ ಬಾಲವಿರುವ ಕಡತವನ್ನು ಸೃಷ್ಟಿಸಬೇಕು; ಅದೇ ಬೀಗ. ಅದು ಈಗಾಗಲೇ ಇದ್ದರೆ ಆ ಲಿಂಕ್ ಅನ್ನು ಬಿಟ್ಟು ಮುಂದೆ ಹೋಗಬೇಕು. “ಇದೆಯೇ ಎಂದು ನೋಡು” ಮತ್ತು “ಇಲ್ಲದಿದ್ದರೆ ಸೃಷ್ಟಿಸು” ಎಂಬುದು ಎರಡು ಪ್ರತ್ಯೇಕ ಕೆಲಸಗಳಾಗಿರಬಾರದು, ಏಕೆಂದರೆ ಅವುಗಳ ನಡುವಿನ ಕ್ಷಣದಲ್ಲಿ ಇನ್ನೊಂದು ಪ್ರೋಗ್ರಾಂ ಒಳನುಗ್ಗಬಹುದು. ಕಡತ ಇದ್ದರೆ ವಿಫಲವಾಗುವ ಒಂದೇ ಆಜ್ಞೆಯಿಂದ ಅದನ್ನು ಮಾಡಬೇಕು. ಪ್ರಸಿದ್ಧ ಟಾಸರ್‌ಗಳು ಮತ್ತು ಮೇಲರ್‌ಗಳು ಇದನ್ನು ತಾವಾಗಿಯೇ ಪಾಲಿಸುತ್ತವೆ. ಪಾಲಿಸದೆ ಹಾನಿ ಮಾಡುವುದು ಹೆಚ್ಚಾಗಿ ನಾವೇ ಬರೆದ ಸಣ್ಣ ಸ್ಕ್ರಿಪ್ಟ್‌ಗಳು. ಕಡತ ಕಳುಹಿಸಲೆಂದು ಎಫ್‌ಎಲ್‌ಓಗೆ ಒಂದು ಸಾಲು ಸೇರಿಸುವ ಸ್ಕ್ರಿಪ್ಟ್ ಕೂಡ ಮೊದಲು ಬೀಗ ಪಡೆಯಲೇಬೇಕು.

ಬೀಗದೊಳಗಿನ ಕ್ರಮವೂ ಮುಖ್ಯ. ಬಂಡಲ್ ಪೂರ್ತಿಯಾಗಿ ಬರೆದು ಮುಗಿದ ಮೇಲಷ್ಟೇ ಎಫ್‌ಎಲ್‌ಓಗೆ ಸಾಲು ಸೇರಬೇಕು, ಆನಂತರ ತಾತ್ಕಾಲಿಕ ಪ್ಯಾಕೆಟ್ ಅಳಿಯಬೇಕು, ಕೊನೆಯಲ್ಲಿ ಬೀಗ ತೆಗೆಯಬೇಕು. ಹೀಗಿದ್ದಾಗ ಮಧ್ಯದಲ್ಲಿ ವಿದ್ಯುತ್ ಹೋದರೂ ಕೆಲವು ಸಂದೇಶಗಳು ಎರಡು ಬಾರಿ ಹೋಗಬಹುದೇ ಹೊರತು ಯಾವುದೂ ಕಳೆದುಹೋಗುವುದಿಲ್ಲ.

ಬಿಎಸ್‌ವೈ ಬರಿಯ ಕಡತವಾದುದರಿಂದ, ಪ್ರೋಗ್ರಾಂ ಅರ್ಧದಲ್ಲಿ ಸತ್ತರೆ ಬೀಗ ಹಾಗೆಯೇ ಉಳಿದು ಆ ಲಿಂಕ್‌ನ ಮೇಲ್ ನಿಂತುಹೋಗುತ್ತದೆ. ಇದಕ್ಕೆ ಎರಡು ಪರಿಹಾರಗಳನ್ನು ಒಟ್ಟಿಗೆ ಬಳಸಬೇಕು. ಯಂತ್ರ ಆರಂಭವಾದಾಗ, ಟಾಸರ್ ಮತ್ತು ಮೇಲರ್ ಶುರುವಾಗುವ ಮುನ್ನ, ಎಲ್ಲ ಬಿಎಸ್‌ವೈ ಕಡತಗಳನ್ನೂ ಅಳಿಸಬೇಕು. ಜೊತೆಗೆ ಮೇಲರ್‌ನಲ್ಲಿ ಹಳೆಯ ಬೀಗಗಳನ್ನು ತೆಗೆಯುವ ಅವಧಿಯನ್ನು ನಮೂದಿಸಬೇಕು. ಬಿಂಕ್‌ಡಿ ಎಂಬ ಮೇಲರ್‌ನ ಸಂರಚನೆಯಲ್ಲಿ ಇದಕ್ಕೆಂದೇ ಒಂದು ಸಾಲಿದ್ದು, 12 ಗಂಟೆ ಎಂದು ಇಡುವುದು ವಾಡಿಕೆ. ಈ ಅವಧಿ ನಿಮ್ಮ ಅತಿ ದೀರ್ಘ ಸೆಷನ್‌ಗಿಂತ (ಒಂದು ಸಂಪರ್ಕದ ಅವಧಿಗಿಂತ) ಸಾಕಷ್ಟು ಹೆಚ್ಚಿರಲಿ.

ಟಾಸರ್‌ನ ಸ್ವಂತ ಲಾಕ್ ಕಡತವನ್ನು ಇದರೊಂದಿಗೆ ಬೆರೆಸಬೇಡಿ. ಅದು ಎರಡು ಟಾಸರ್‌ಗಳು ಏಕಕಾಲಕ್ಕೆ ಓಡುವುದನ್ನು ತಡೆಯುತ್ತದೆ, ಮೇಲರ್‌ಗೆ ಅದರ ಅರಿವೇ ಇರುವುದಿಲ್ಲ. ಮೇಲರ್ ಮತ್ತು ಟಾಸರ್ ಬೇರೆ ಬೇರೆ ಬಳಕೆದಾರರ ಹೆಸರಿನಲ್ಲಿ ಓಡುತ್ತಿದ್ದರೆ ಒಬ್ಬರ ಕಡತವನ್ನು ಇನ್ನೊಬ್ಬರು ಬರೆಯಲು, ಅಳಿಸಲು ಅನುಮತಿ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಔಟ್‌ಬೌಂಡ್ ಅನ್ನು ನೆಟ್‌ವರ್ಕ್ ಡಿಸ್ಕ್‌ನಲ್ಲಿ ಇಡದೆ ಆ ಯಂತ್ರದ ಡಿಸ್ಕ್‌ನಲ್ಲೇ ಇಡಿ.

ಬಂಡಲ್ ಬಂದ ಕೂಡಲೇ ಟಾಸರ್ ಓಡುವಂತೆ ಹಲವರು ಮೇಲರ್‌ನಲ್ಲಿ ಆಜ್ಞೆ ಇಡುತ್ತಾರೆ. ಆಗ ಸೆಷನ್ ಇನ್ನೂ ಮುಗಿದಿರದಿದ್ದರೆ, ಆ ಲಿಂಕ್‌ಗೆ ಹೋಗಬೇಕಾದ ಪ್ಯಾಕೆಟ್‌ಗಳು ಬೀಗದಿಂದಾಗಿ ತಾತ್ಕಾಲಿಕ ಡೈರೆಕ್ಟರಿಯಲ್ಲೇ ಉಳಿಯುತ್ತವೆ. ಇದು ದೋಷವಲ್ಲ. ಆದರೆ ಅವುಗಳನ್ನು ಎತ್ತಿಕೊಳ್ಳಲು ಟಾಸರ್ ನಿಗದಿತ ಅವಧಿಗೊಮ್ಮೆಯೂ ಓಡುವಂತೆ ಕ್ರಾನ್‌ನಲ್ಲಿ (ನಿಗದಿತ ಸಮಯಕ್ಕೆ ಪ್ರೋಗ್ರಾಂ ಓಡಿಸುವ ಸಾಧನದಲ್ಲಿ) ವ್ಯವಸ್ಥೆ ಮಾಡಬೇಕು.

ಎಲ್ಲವನ್ನೂ ಹೊಂದಿಸಿದ ಮೇಲೆ ಪರೀಕ್ಷೆ ಸುಲಭ. ಒಂದು ಲಿಂಕ್‌ನ ಬಿಎಸ್‌ವೈ ಕಡತವನ್ನು ಕೈಯಿಂದಲೇ ಸೃಷ್ಟಿಸಿ, ಆ ಲಿಂಕ್‌ಗೆ ಒಂದು ಸಂದೇಶ ಬರೆದು ಟಾಸರ್ ಓಡಿಸಿ. ಎಫ್‌ಎಲ್‌ಓದಲ್ಲಿ ಯಾವ ಬದಲಾವಣೆಯೂ ಕಾಣಬಾರದು, ಮೇಲರ್ ಕೂಡ ಆ ಲಿಂಕ್‌ಗೆ ಕರೆ ಮಾಡಬಾರದು. ನಂತರ ಬೀಗ ತೆಗೆದು ಮತ್ತೆ ಓಡಿಸಿದಾಗ ಬಂಡಲ್ ರಚನೆಯಾಗಿ, ಅದರ ಪಥ ಎಫ್‌ಎಲ್‌ಓದಲ್ಲಿ ಒಂದೇ ಒಂದು ಬಾರಿ ಕಾಣಬೇಕು.