ಕರ್ಟನ್ ಬ್ಯಾಂಗ್ಸ್ ಮಾಡಿಸುವ ಮುಂಚೆ ಇದೊಂದು ಓದಿ

ಭುಜದವರೆಗಿನ ಲೇಯರ್ ಕಟ್ (ಹಂತ ಹಂತವಾಗಿ ಬೇರೆ ಬೇರೆ ಉದ್ದಕ್ಕೆ ಕತ್ತರಿಸುವುದು), ಮುಂದೆ ಕರ್ಟನ್ ಬ್ಯಾಂಗ್ಸ್ (ಹಣೆಯ ಮೇಲೆ ಪರದೆಯ ಹಾಗೆ ಎರಡೂ ಕಡೆ ಸರಿಯುವ ಮುಂಗೂದಲು) ಮಾಡಿಸಬೇಕು ಅಂತ ಇಲ್ಲಿ ಇಬ್ಬರು ಮೂವರು ಕೇಳಿದ್ದರು. ಎರಡು ವರ್ಷದಿಂದ ನನ್ನದೂ ಇದೇ ಕಟ್.

ಮುಖ್ಯವಾದದ್ದು ಬ್ಯಾಂಗ್ಸ್ ಉದ್ದ. ಒದ್ದೆ ಕೂದಲು ಉದ್ದ ಕಾಣುತ್ತದೆ, ಒಣಗಿದ ಮೇಲೆ ಮೇಲಕ್ಕೆ ಹೋಗುತ್ತದೆ. ಗುಂಗುರು ಕೂದಲಿನವರಿಗಂತೂ ಇದು ಇನ್ನೂ ಜಾಸ್ತಿ. ಮೊದಲ ಸಲ ನನ್ನದು ಹುಬ್ಬಿಗಿಂತ ಮೇಲೆ ಹೋಗಿ ಕೂತಿತ್ತು! ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂ.ಮೀ. ಅಷ್ಟೇ. ಮೂರು ತಿಂಗಳು ಕ್ಲಿಪ್ಪೇ ಗತಿಯಾಯಿತು. ಹಾಗಾಗಿ ಒಣಗಿಸಿಯೇ ಕತ್ತರಿಸಿ ಅನ್ನಿ. ಮೊದಲು ಕೆನ್ನೆಯ ಮೂಳೆಯವರೆಗೆ ಇರಲಿ, ಬೇಕಾದರೆ ಆಮೇಲೆ ಇನ್ನಷ್ಟು ತೆಗೆಸಬಹುದು, ಅಲ್ವಾ? ತೆಳು ಕೂದಲಿದ್ದರೆ ಲೇಯರ್ ಜಾಸ್ತಿ ಬೇಡ, ತುದಿ ಇಲಿಬಾಲದ ಹಾಗೆ ಆಗುತ್ತದೆ.

ತಲೆಸ್ನಾನ ಆದ ಕೂಡಲೇ ಮೊದಲು ಬ್ಯಾಂಗ್ಸ್ ಒಣಗಿಸಿ. ಹಾಗೇ ಬಿಟ್ಟರೆ ಎಲ್ಲಿ ಸೀಳಿಕೊಂಡಿತೋ ಅಲ್ಲೇ ನಿಲ್ಲುತ್ತದೆ. ದುಂಡು ಬ್ರಷ್‌ನಲ್ಲಿ ಎಲ್ಲವನ್ನೂ ಮುಂದಕ್ಕೆ ಎಳೆದು ಡ್ರೈಯರ್ ಹಿಡಿಯಿರಿ, ಆಮೇಲೆ ಎರಡೂ ಕಡೆ ಸರಿಸಿ. ಡ್ರೈಯರ್ ಬೇಡ ಅನ್ನುವವರು ಸ್ವಲ್ಪ ತೇವ ಇರುವಾಗಲೇ ದೊಡ್ಡ ವೆಲ್ಕ್ರೋ ರೋಲರ್ (ಕೂದಲಿಗೆ ತಾನೇ ಅಂಟಿಕೊಳ್ಳುವ ಸುರುಳಿ) ಸುತ್ತಿ, ಅಡುಗೆ ಮುಗಿಯುವ ತನಕ ಬಿಡಿ. ಹಿಂದಿನ ಲೇಯರ್‌ಗೆ ಸುಮ್ನೆ ಬೆರಳಾಡಿಸಿದರೆ ಸಾಕು.

ಹಣೆಯ ಎಣ್ಣೆ, ಬೆವರಿಗೆ ಬ್ಯಾಂಗ್ಸ್ ಬೇಗ ಅಂಟಿಕೊಳ್ಳುತ್ತದೆ. ಇಡೀ ತಲೆ ತೊಳೆಯಬೇಡಿ, ಬ್ಯಾಂಗ್ಸ್ ಮಾತ್ರ ಸಿಂಕ್‌ನಲ್ಲಿ ತೊಳೆದುಕೊಳ್ಳಿ, ಎರಡು ನಿಮಿಷದ ಕೆಲಸ. ಹೆಲ್ಮೆಟ್ ಹಾಕುವವರು ಬ್ಯಾಂಗ್ಸ್ ಹಿಂದಕ್ಕೆ ಸರಿಸಿ ಹಾಕಿ. ಮಂಗಳೂರು ಕಡೆಯ ಸೆಕೆಯಲ್ಲಿ ಮಾತ್ರ, ಮಧ್ಯಾಹ್ನದ ಹೊತ್ತಿಗೆ ಪರ್ಸ್‌ನಲ್ಲಿ ಒಂದು ಕ್ಲಿಪ್ ಇರಲೇಬೇಕು.