ಮ್ಯಾನೇಜ್‌ಮೆಂಟ್ ಜರ್ನಲ್‌ಗೆ ಹೆದರಬೇಡಿ

ಶಿರಸಿ ಕಡೆ ಸಹಕಾರಿ ಸೊಸೈಟಿಗಳಲ್ಲಿ ಕೆಲಸ ಮಾಡುವವರಿಗೆ, ಎಂಬಿಎ ಓದುವವರಿಗೆ ಒಂದು ಸಲಹೆ. ಮ್ಯಾನೇಜ್‌ಮೆಂಟ್ ಜರ್ನಲ್ (ವ್ಯವಹಾರ ನಿರ್ವಹಣೆಯ ಸಂಶೋಧನಾ ಲೇಖನಗಳ ಪತ್ರಿಕೆ) ಅಂದ್ರೆ ಬರೀ ಪ್ರೊಫೆಸರ್‌ಗಳಿಗೆ ಅಂತ ನಾನೂ ದೂರವೇ ಇದ್ದೆ. ಅಹಮದಾಬಾದ್ ಐಐಎಂ 1976ರಿಂದ ತರುತ್ತಿರುವ ‘ವಿಕಲ್ಪ’ ನೋಡಿ. ಅದರ ಕೊಲೊಕ್ವಿಯಂ ವಿಭಾಗದಲ್ಲಿ ಪಾಠ ಮಾಡುವವರೂ ಕಂಪನಿ ನಡೆಸುವವರೂ ಒಂದೇ ವಿಷಯದ ಮೇಲೆ ಮಾತಾಡುತ್ತಾರೆ. ಬೆಂಗಳೂರು ಐಐಎಂನ ‘ಐಐಎಂಬಿ ಮ್ಯಾನೇಜ್‌ಮೆಂಟ್ ರಿವ್ಯೂ’ದಲ್ಲಿ ದುಂಡುಮೇಜಿನ ಚರ್ಚೆಗಳೂ ಬರುತ್ತವೆ. ಎರಡನ್ನೂ ನೆಟ್‌ನಲ್ಲಿ ಪುಕ್ಕಟೆ ಓದಬಹುದು.

ಮೊದಲು ಲೇಖನದ ಸಾರಾಂಶ ಓದಿ, ಆಮೇಲೆ ನೇರ ಕೊನೆಯ ಭಾಗಕ್ಕೆ ಹೋಗಿ. ನಡುವಿನ ಕೋಷ್ಟಕಗಳನ್ನು ಸುಮ್ನೆ ದಾಟಿ, ನಮಗೇನು ಪರೀಕ್ಷೆ ಇಲ್ಲ ಅಲ್ವಾ? ಓದಿ ಮುಗಿದ ಮೇಲೆ, ಇದು ನಮ್ಮ ಸೊಸೈಟಿಯ ಅಡಿಕೆ ಮಾರಾಟದ ಟೆಂಡರಿಗೆ, ಸದಸ್ಯರ ಸಾಲಕ್ಕೆ ಎಲ್ಲಿ ತಾಗುತ್ತದೆ ಅಂತ ಎರಡೇ ಸಾಲು ಬರೆದಿಡಿ. ನನಗಂತೂ ಓದಿದ್ದಕ್ಕಿಂತ ಆ ಸಾಲುಗಳೇ ಜಾಸ್ತಿ ಉಪಯೋಗಕ್ಕೆ ಬಂದವು.